ಮಣ್ಣಿನ ಮೇಲೆ ಮೀನು

ಬೆಂಗಳೂರಿನ ಇಂದಿರಾನಗರದಲ್ಲಿ ಪಿಂಗಾಣಿಗೆ ಬಣ್ಣ ಹಚ್ಚುವ ತರಗತಿಯೊಂದರಲ್ಲಿ ಹೆಚ್ಚಿನವರು ಬಿಡಿಸಿದ್ದು ಆಕ್ಟೋಪಸ್. ಉಳಿದವರು ಕಡಲಕುದುರೆ, ಕಡಲಾಮೆ, ಮತ್ತೆ ಸಿನಿಮಾದಿಂದ ಎಲ್ಲ ಮಕ್ಕಳಿಗೂ ಪರಿಚಯವಾಗಿರುವ ಕಿತ್ತಳೆ-ಬಿಳಿ ಪಟ್ಟೆಯ ಮೀನು. ಕಲಿಯುವವರೆಲ್ಲ ಹೊಸಬರು, ವಿಷಯ ಕಡಲ ಜೀವಿಗಳು, ಮುಂದಿಟ್ಟದ್ದು ಒಮ್ಮೆ ಸುಟ್ಟ ಬಿಳಿ ಪಿಂಗಾಣಿ ತಟ್ಟೆ. ನಾನು ಕುಂದಾಪುರದ ಕಡೆಯವಳು, ಬ್ಯಾಂಕ್ ಕೆಲಸಕ್ಕೆಂದು ಬಂದು ಹಲಸೂರಿನಲ್ಲೇ ಬೇರು ಬಿಟ್ಟವಳು. ಹಾಗಾಗಿ ಬಂಗುಡೆ ಬಿಡಿಸಿದೆ. ಪಕ್ಕದ ಹುಡುಗಿ ಬಗ್ಗಿ ನೋಡಿ, "ಆಂಟಿ, ಇದು ಊಟದ ಮೀನಲ್ವಾ?" ಅಂದಳು. ತಟ್ಟೆಯೂ ಊಟದ್ದೇ ಅಲ್ಲವೇನಮ್ಮ ಅಂದೆ.

ಬಂಗುಡೆ ಹೊಸಬರಿಗೆ ಹೇಳಿ ಮಾಡಿಸಿದ ಮೀನು. ಮೈಯೆಲ್ಲ ಒಂದೇ ಬೆಳ್ಳಿ ಬಣ್ಣ, ಬೆನ್ನಿಗೆ ಹಸಿರು ಬೆರೆತ ನೀಲಿ, ಅದರ ಮೇಲೆ ಉದ್ದುದ್ದ ಕಪ್ಪು ಗೀಟು. ಕುಂಚ ನಾಲ್ಕು ಸಲ ಓಡಿದರೆ ಮೀನು ತಯಾರು. ಆದರೆ ಒಮ್ಮೆ ಸುಟ್ಟ ಮಣ್ಣು ಬಣ್ಣವನ್ನು ಇಟ್ಟ ಕ್ಷಣಕ್ಕೇ ಹೀರುತ್ತದೆ, ಒರೆಸಿ ತಿದ್ದುವ ಮಾತು ಅಷ್ಟಕ್ಕಷ್ಟೆ. ಮೇಲಾಗಿ ಈಗ ಕಾಣುವ ಬಣ್ಣ ಆಮೇಲಿನ ಬಣ್ಣವಲ್ಲ. ನೀಲಿ ಕೊಡುವ ಕೋಬಾಲ್ಟ್ ಆಕ್ಸೈಡು ಕೈಗೆ ಸಿಗುವಾಗ ಕಪ್ಪು ಪುಡಿ, ಬೆಂಕಿ ಕಂಡ ಮೇಲೇ ನೀಲಿ. ತಾಮ್ರ ಇನ್ನೂ ಚಂಚಲ: ಒಲೆಯಲ್ಲಿ ಗಾಳಿ ಸಾಕಷ್ಟಿದ್ದರೆ ಹಸಿರು, ಗಾಳಿ ಕಟ್ಟಿದರೆ ಕೆಂಪು. (ಆಕ್ಟೋಪಸ್‌ನ ರಕ್ತ ನೀಲಿಯಾಗಿರುವುದಕ್ಕೂ ತಾಮ್ರವೇ ಕಾರಣ. ಇದನ್ನು ಹೇಳಿದಾಗ ತರಗತಿಯಲ್ಲಿ ನನ್ನ ಮರ್ಯಾದೆ ಸ್ವಲ್ಪ ಏರಿತು.)

ಆಕ್ಟೋಪಸ್ ಬಿಡಿಸಿದವರನ್ನು ಗೇಲಿ ಮಾಡುವಂತಿಲ್ಲ, ಅವರ ಪರಂಪರೆ ದೊಡ್ಡದು. ಗ್ರೀಸಿನ ಕ್ರೀಟ್ ದ್ವೀಪದವರು ಸುಮಾರು 3,500 ವರ್ಷಗಳ ಹಿಂದೆಯೇ ಮಣ್ಣಿನ ಹೂಜಿಯ ತುಂಬ ಕಣ್ಣರಳಿಸಿದ ಆಕ್ಟೋಪಸ್ ಬರೆದಿದ್ದರು. ಆದರೆ ಶನಿವಾರದ ಸಂಜೆ ದುಡ್ಡು ಕೊಟ್ಟು ಬಂದು, ಬೇರೆಯವರು ಮಾಡಿ ಸುಟ್ಟ ತಟ್ಟೆಗೆ ಬಣ್ಣ ಹಚ್ಚಿ, ಮತ್ತೆ ಸುಡುವುದಕ್ಕೆ ಬೇರೆಯವರ ಕೈಗೇ ಕೊಟ್ಟು ಹೋಗುವ ಈ ಪದ್ಧತಿಗೆ ಅಷ್ಟು ವಯಸ್ಸಿಲ್ಲ. ಅದು ವಿಕ್ಟೋರಿಯಾ ರಾಣಿ ಕಾಲದ ಇಂಗ್ಲೆಂಡಿನ ಹವ್ಯಾಸ. ಮಿಂಟನ್ ಎಂಬ ಪಿಂಗಾಣಿ ಕಂಪನಿ 1871ರಲ್ಲಿ ಲಂಡನ್ನಿನ ಕೆನ್ಸಿಂಗ್ಟನ್ನಿನಲ್ಲಿ ಚಿತ್ರಶಾಲೆ ತೆರೆದು, ಅಲ್ಲಿ ಹೆಂಗಸರನ್ನು ಕೂರಿಸಿ ತಟ್ಟೆ-ಹಲಗೆಗಳಿಗೆ ಬಣ್ಣ ಹಚ್ಚಿಸಿತು. 1876ರಿಂದ ಹೋವೆಲ್ ಅಂಡ್ ಜೇಮ್ಸ್ ಅಂಗಡಿಯವರು ಹವ್ಯಾಸಿ ಮಹಿಳೆಯರ ಪಿಂಗಾಣಿ ಚಿತ್ರಗಳ ಪ್ರದರ್ಶನವನ್ನು ವರ್ಷವರ್ಷವೂ ನಡೆಸಿದರು. ಮಣ್ಣು ಕಲಸುವ ಕೊಳೆ ಕೆಲಸ ಕಾರ್ಮಿಕರದ್ದು, ಕುಂಚ ಹಿಡಿಯುವ ಸೊಗಸು ಮನೆಯೊಡತಿಯದ್ದು. ಇಂದಿರಾನಗರದ ನಮ್ಮ ಮೇಜು ಆ ಮೇಜಿನ ಸಂತಾನವೇ.

ಇತ್ತ ಬೆಂಗಳೂರಿನ ಕಂಟೋನ್ಮೆಂಟಿನ ಕಥೆ. 1809ರಲ್ಲಿ ಹಲಸೂರಿನ ಬಳಿ ದಂಡು ಬಂದು ಕೂತಿತು. 1864ರಲ್ಲಿ ಜೋಲಾರಪೇಟೆಯಿಂದ ಕಂಟೋನ್ಮೆಂಟಿಗೆ ರೈಲು ಬಂತು. ಅಂದರೆ ದಂಡು ಪ್ರದೇಶಕ್ಕೆ ಮದರಾಸು ಹತ್ತಿರ, ಕೋಟೆ-ಪೇಟೆ ದೂರ. ಮದರಾಸಿನಲ್ಲಿ ಅಲೆಗ್ಸಾಂಡರ್ ಹಂಟರ್ ಎಂಬ ಸರ್ಜನ್ 1850ರಲ್ಲೇ ಕಲಾಶಾಲೆ ತೆರೆದು, ದಕ್ಷಿಣದ ಜೇಡಿಮಣ್ಣುಗಳನ್ನು ಸುಟ್ಟು ಪರೀಕ್ಷಿಸುತ್ತಿದ್ದ. ಪಶ್ಚಿಮದಲ್ಲಿ, ನಮ್ಮ ಮಂಗಳೂರಿನ ಜೆಪ್ಪುವಿನಲ್ಲಿ, ಬಾಸೆಲ್ ಮಿಷನ್ನಿನವರು 1865ರಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ನೇತ್ರಾವತಿ ದಂಡೆಯ ಮಣ್ಣು ಮಂಗಳೂರು ಹಂಚಾಗಿ ಘಟ್ಟ ಹತ್ತಿ ಬಂದು ಇಲ್ಲಿನ ಬಂಗಲೆಗಳ ತಲೆ ಮೇಲೆ ಕೂತಿತು. ಮೈಸೂರು ಸಂಸ್ಥಾನಕ್ಕೆ ಪಿಂಗಾಣಿ ಬೇಕಾಗಿದ್ದು ಊಟಕ್ಕಲ್ಲ, ವಿದ್ಯುತ್ತಿಗೆ. ಶಿವನಸಮುದ್ರದ ಕರೆಂಟು 1905ರಲ್ಲಿ ಬೆಂಗಳೂರಿಗೆ ಬಂದ ಮೇಲೆ ತಂತಿ ಹೊರುವ ಇನ್ಸುಲೇಟರುಗಳ ಅಗತ್ಯ ಬೆಳೆಯುತ್ತಲೇ ಹೋಯಿತು. ಮೂವತ್ತರ ದಶಕದಲ್ಲಿ ಮಲ್ಲೇಶ್ವರದ ಕಡೆ ಶುರುವಾದ ಸರ್ಕಾರಿ ಪಿಂಗಾಣಿ ಕಾರ್ಖಾನೆ ಅದನ್ನೇ ಮಾಡಿತು. 1976ರಲ್ಲಿ ಅದು ಬಿಎಚ್‌ಇಎಲ್ ಪಾಲಾಯಿತು. ಹೀಗೆ ಬೆಂಗಳೂರಿನ ಹೆಸರಾಂತ ಪಿಂಗಾಣಿ ಕಂಬದ ತುದಿಯಲ್ಲೇ ಉಳಿಯಿತು, ಅದಕ್ಕೆ ಕುಂಚ ತಾಗಲಿಲ್ಲ.

ಹಾಗಾದರೆ ಊರಿನ ಕುಂಬಾರರು ಎಲ್ಲಿದ್ದರು? ಕಂಟೋನ್ಮೆಂಟ್ ರೈಲು ನಿಲ್ದಾಣದಿಂದ ದೂರವಿಲ್ಲದ, ಬೆನ್ಸನ್ ಟೌನಿಗೆ ತಾಗಿದ ಪಾಟರಿ ಟೌನಿನಲ್ಲಿ. ಫ್ರೇಜರ್ ಟೌನು, ಕಾಕ್ಸ್ ಟೌನು, ರಿಚರ್ಡ್ಸ್ ಟೌನು ಎಂದು ಸುತ್ತಮುತ್ತೆಲ್ಲ ಬಿಳಿಯರ ಹೆಸರುಗಳು. ಇದೊಂದಕ್ಕೆ, ಮತ್ತೆ ಪಕ್ಕದ ಟ್ಯಾನರಿ ರೋಡಿಗೆ, ಕೆಲಸದ ಹೆಸರು. ಇಲ್ಲಿನ ಮನೆಗಳಲ್ಲಿ ತಮಿಳು ಮಾತೇ ಹೆಚ್ಚು. ಹಣತೆ, ಗಡಿಗೆ, ಹೂಕುಂಡ, ತಂದೂರಿ ಒಲೆ, ಗೌರಿ-ಗಣೇಶ ಎಲ್ಲವೂ ಈ ಓಣಿಗಳಲ್ಲೇ. ತರಗತಿ ಮುಗಿದ ವಾರ ಅಲ್ಲಿಗೆ ಹೋಗಿ, ತಿಗರಿ ಮುಂದೆ ಕೂತಿದ್ದ ಹಿರಿಯರೊಬ್ಬರಿಗೆ ನನ್ನ ಬಂಗುಡೆ ತಟ್ಟೆಯ ಫೋಟೊ ತೋರಿಸಿದೆ. "ಚೆನ್ನಾಗೈತೆ ಅಮ್ಮ" ಎಂದರು, ಆಮೇಲೆ, "ನೀವು ಬಣ್ಣ ಮೊದಲು ಹಾಕ್ತೀರ, ನಾವು ಕಡೇಲಿ ಹಾಕ್ತೀವಿ" ಎಂದರು.

ಮೊದಲು ಯಾವುದು, ಕಡೆಗೆ ಯಾವುದು ಎನ್ನುವುದರಲ್ಲೇ ಈ ಕಸುಬಿನ ಚರಿತ್ರೆಯೆಲ್ಲ ಇದೆ ಎಂದು ನನ್ನ ಎಣಿಕೆ. ನಮ್ಮ ತಟ್ಟೆಯಲ್ಲಿ ಬಣ್ಣದ ಮೇಲೆ ಗಾಜಿನಂಥ ಮೆರುಗಿನ ಲೇಪ ಕೂತು, ಸಾವಿರ ಡಿಗ್ರಿ ದಾಟಿದ ವಿದ್ಯುತ್ ಒಲೆಯಲ್ಲಿ ಎರಡೂ ಒಂದಾಗುತ್ತವೆ. ಇನ್ನು ಅದು ಹೋಗುವುದಿಲ್ಲ, ತಟ್ಟೆ ಒಡೆದರೂ ಚೂರಿನ ಮೇಲೆ ಬಂಗುಡೆಯ ಬಾಲ ಇರುತ್ತದೆ. ಕುಂಬಾರರ ಆವಿಗೆಯ ಕಾವು ಅಷ್ಟಿಲ್ಲ, ಸೌದೆ-ಸೋಗೆಯ ಉರಿ ಸಾಮಾನ್ಯವಾಗಿ ಎಂಟುನೂರು ಡಿಗ್ರಿ ಆಸುಪಾಸು. ಅಲ್ಲಿ ಗಡಿಗೆ ಬೆಂದು ಹೊರಬಂದ ಮೇಲೆ ಬಣ್ಣ. ಮದುವೆಗೆ ಕುಂಬಾರರ ಮನೆಯಿಂದ ವಾದ್ಯದೊಂದಿಗೆ ತರುವ ಅರಿವಾಣಿ ಮಡಕೆಗಳನ್ನು ನೋಡಿ, ಉತ್ತರ ಕರ್ನಾಟಕದವರು ಐರಾಣಿ ಎನ್ನುವವು. ಸುಣ್ಣ, ಜಾಜಿನ ಚಿತ್ತಾರ ಅವಕ್ಕೆ ತಣ್ಣಗಾದ ಮೇಲೇ ಆಗುವುದು. ಮದುವೆ ಮುಗಿಯುವತನಕ ಬಣ್ಣ ನಿಂತರೆ ಸಾಕು, ಅದಕ್ಕಿಂತ ಹೆಚ್ಚಿನ ಆಯಸ್ಸನ್ನು ಯಾರೂ ಕೇಳುವುದಿಲ್ಲ. ಗಣೇಶನಿಗಂತೂ ಬೆಂಕಿಯೇ ಇಲ್ಲ. ಹಸಿಮಣ್ಣು, ಒಣಗಿದ ಮೇಲೆ ಬಣ್ಣ, ಹಬ್ಬ ಮುಗಿದ ಮೇಲೆ ನೀರು.

ಬೆಂಕಿಗೆ ಮೊದಲು ಬಣ್ಣ ಹಚ್ಚುವುದು ನಮ್ಮ ನೆಲಕ್ಕೆ ಗೊತ್ತೇ ಇರಲಿಲ್ಲವೆಂದಲ್ಲ. 1947ರಲ್ಲಿ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಚಂದ್ರವಳ್ಳಿಗಳಲ್ಲಿ ಅಗೆದಾಗ ಶಾತವಾಹನರ ಕಾಲದ ಒಂದು ಬಗೆಯ ಮಡಕೆ ರಾಶಿಯಾಗಿ ಸಿಕ್ಕಿತು. ಬಿಳಿ ಗೆರೆಗಳ ಚಿತ್ತಾರ, ಅದರ ಮೇಲೆ ಕಾವಿ ಕೆಂಪಿನ ತೆಳು ಲೇಪ. ಮೀನಿಲ್ಲ, ಬಳ್ಳಿಯಿಲ್ಲ, ಬರೀ ಗೆರೆ, ಚುಕ್ಕಿ, ಜಾಳಿಗೆ. ಆದರೆ ಎಳೆದ ಕೈ ಪಳಗಿದ ಕೈ. ಚಂದ್ರವಳ್ಳಿಯಲ್ಲಿ ರೋಮಿನ ನಾಣ್ಯವೂ ಸಿಕ್ಕಿದೆ. ರೋಮಿನ ಬೆಳ್ಳಿ ನಾಣ್ಯಗಳು 1891ರಲ್ಲಿ ಯಶವಂತಪುರದಲ್ಲೂ 1965ರಲ್ಲಿ ಎಚ್‌ಎಎಲ್ ಬಳಿಯೂ ನೆಲದಿಂದ ಎದ್ದವು. ಎಚ್‌ಎಎಲ್ ಎಂದರೆ ನಮ್ಮ ತರಗತಿಗೆ ಆಟೊದಲ್ಲಿ ಹೋಗುವಷ್ಟು ದೂರ. ಕಡಲಿಲ್ಲದ ಊರಿಗೆ ಕಡಲ ವ್ಯಾಪಾರ ಆಗಲೇ ಬಂದಿತ್ತು. ಆ ಕೆಂಪು-ಬಿಳಿ ಮಡಕೆಯ ಕೌಶಲ ಮಾತ್ರ ಆಮೇಲಿನ ಮಡಕೆಗಳಿಗೆ ದಾಟಿ ಬರಲಿಲ್ಲ. ಹಂಪಿಯ ಅಗೆತದಲ್ಲಿ ಸಿಕ್ಕ ಬಣ್ಣದ ಪಿಂಗಾಣಿ ಚೂರುಗಳು ಚೀನಾದವು. ಉಳ್ಳವರು ಚಿತ್ತಾರದ ಪಾತ್ರೆಯನ್ನು ಹೊರಗಿಂದ ತರಿಸಿಕೊಂಡರು, ಊರಿನ ಕುಂಬಾರ ನೀರು ತಂಪಾಗಿಡುವ ಗಡಿಗೆ ಮಾಡಿಕೊಂಡಿದ್ದ. ಜಾತಿ, ದುಡ್ಡು ಎರಡೂ ಸೇರಿ ಎಳೆದ ಗೀಟು ಇದು. ಕಸುಬುದಾರನ ಕೈಯಲ್ಲಿ ಕೊರತೆಯಿತ್ತೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಇನ್ನು ಮೀನಿನ ವಿಚಾರ. ಕಡಲ ಜೀವಿಗಳನ್ನು ನೋಡಿ ಬರೆಯಬೇಕೆಂದರೆ ಬೆಂಗಳೂರಿನಲ್ಲಿ ಎಲ್ಲಿಗೆ ಹೋಗಬೇಕು? 1983ರಲ್ಲಿ ಕಬ್ಬನ್ ಪಾರ್ಕಿನ ಅಂಚಿನಲ್ಲಿ ಸರ್ಕಾರಿ ಮತ್ಸ್ಯಾಲಯ ತೆರೆಯಿತು. ಮಕ್ಕಳನ್ನು ಕರೆದುಕೊಂಡು ಹೋದವರಿಗೆ ನೆನಪಿರುತ್ತದೆ. ನನ್ನನ್ನು ಕೇಳಿದರೆ ಶಿವಾಜಿನಗರದ ರಸೆಲ್ ಮಾರ್ಕೆಟ್ಟೇ ವಾಸಿ. 1927ರ ಆ ಕಟ್ಟಡದ ಮೀನಿನ ಸಾಲಿನಲ್ಲಿ ಬೆಳಿಗ್ಗೆ ನಿಂತರೆ ಮಲ್ಪೆ, ಮಂಗಳೂರು, ಚೆನ್ನೈ ಮೂರೂ ಮಂಜುಗಡ್ಡೆಯ ಮೇಲೆ ಮಲಗಿರುತ್ತವೆ. ನಾನು ಅಂಜಲ್ ಎಂದರೆ ಅಂಗಡಿಯವರು ವಂಜರಂ ಅನ್ನುತ್ತಾರೆ, ಮಾಂಜಿ ಎಂದರೆ ವವ್ವಾಲ್, ಜಗಳವಿಲ್ಲದೆ ವ್ಯಾಪಾರ ನಡೆಯುತ್ತದೆ. ಕಿವಿರಿನ ಕೆಂಪು, ಸಿಗಡಿಯ ಬೂದು-ನೀಲಿ, ಬೊಂಡಾಸಿನ ಮೈಮೇಲಿನ ನೇರಳೆ ಚುಕ್ಕಿ, ಇವು ಯಾವ ಮೊಬೈಲ್ ಪರದೆಯಲ್ಲೂ ಹೀಗೆ ಕಾಣುವುದಿಲ್ಲ. ಆದರೂ ತರಗತಿಯ ಮೇಜಿನ ಮೇಲೆ ಇಟ್ಟಿದ್ದ ಮಾದರಿ ಚಿತ್ರಗಳೆಲ್ಲ ಪರದೇಶದ ಹವಳದ ದಂಡೆಯವು. ಮುರುಡೇಶ್ವರದಾಚೆ ನೇತ್ರಾಣಿ ದ್ವೀಪದಲ್ಲೇ ಹವಳವಿದೆ, ಅದರ ಒಂದು ಚಿತ್ರವೂ ಇರಲಿಲ್ಲ.

ಬಣ್ಣ ಹಚ್ಚಿದ ಮಣ್ಣಿಗೂ ಮೀನಿಗೂ ಈ ಭಾಗದಲ್ಲಿ ಇನ್ನೊಂದು ಸಂಬಂಧವಿದೆ, ಅದು ಅಷ್ಟು ಚಂದದ್ದಲ್ಲ. ಕುಂಬಾರರ ಬಣ್ಣ ಕರಗಲೆಂದೇ ಹಚ್ಚಿದ್ದು ಎಂದೆನಲ್ಲ, ಅದು ಸುಣ್ಣ, ಜಾಜು ಇರುವತನಕ ಯಾರಿಗೂ ತೊಂದರೆಯಿರಲಿಲ್ಲ. ಗಣೇಶ ಪ್ಲಾಸ್ಟರ್ ಆಫ್ ಪ್ಯಾರಿಸ್ಸಿಗೂ ರಾಸಾಯನಿಕ ಬಣ್ಣಕ್ಕೂ ತಿರುಗಿದ ಮೇಲೆ, ಸೀಸದಂಥ ಲೋಹಗಳು ಕೆರೆಯ ತಳಕ್ಕೆ ಇಳಿದವು. ಹಲಸೂರು ಕೆರೆಯ ಪಕ್ಕ ವಿಸರ್ಜನೆಗೆಂದೇ ಕಲ್ಯಾಣಿ ಕಟ್ಟಿದ್ದು ಇದೇ ಕಾರಣಕ್ಕೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲಿ ಹೊರಡಿಸಿದ ಪರಿಷ್ಕೃತ ಸೂಚನೆಗಳು ಪಿಒಪಿಯನ್ನೂ ವಿಷದ ಬಣ್ಣವನ್ನೂ ಬೇಡವೆನ್ನುತ್ತವೆ. 2016ರ ಮಾರ್ಚ್‌ನಲ್ಲಿ ನಮ್ಮ ಕೆರೆಯಲ್ಲಿ ರಾಶಿರಾಶಿ ಮೀನು ಸತ್ತು ತೇಲಿದ್ದಕ್ಕೆ ಮಾತ್ರ ಗಣೇಶನನ್ನು ದೂರುವಂತಿಲ್ಲ. ಅದು ಹಬ್ಬದ ಕಾಲವೇ ಅಲ್ಲ. ಕೊಳಚೆ ನೀರು ಸೇರಿ, ಬಿಸಿಲೇರಿ, ನೀರಿನ ಆಮ್ಲಜನಕ ಕುಸಿದದ್ದು. ಕೆರೆ ಏರಿಯ ಮೇಲೆ ಆ ಬೆಳಿಗ್ಗೆ ಮೂಗು ಮುಚ್ಚಿಕೊಂಡು ನಿಂತವರಲ್ಲಿ ನಾನೂ ಒಬ್ಬಳು.

ಈಗ ಗುಲಾಬಿ ಮೆಟ್ರೊ ಮಾರ್ಗದ ಒಂದು ನೆಲದಡಿಯ ನಿಲ್ದಾಣಕ್ಕೆ ಪಾಟರಿ ಟೌನ್ ಎಂದೇ ಹೆಸರು. ಹೆಸರು ಉಳಿದರೆ ಸಾಲದು. ಇಂಥ ತರಗತಿ ನಡೆಸುವವರು ಒಂದು ಶನಿವಾರವಾದರೂ ಅಲ್ಲಿನ ಕುಂಬಾರರೊಬ್ಬರನ್ನು ಸಂಬಳ ಕೊಟ್ಟು ಮೇಷ್ಟ್ರಾಗಿ ಕರೆಸಲಿ. ಕಲಿಯಲು ಹೋಗುವವರು ಮೊದಲು ರಸೆಲ್ ಮಾರ್ಕೆಟ್ಟಿಗೆ ಹೋಗಿ ಮೀನು ನೋಡಿ ಬನ್ನಿ. ಬಣ್ಣದಲ್ಲಿ ಸೀಸವಿಲ್ಲ ಎಂದು ಕೇಳಿ ಖಾತ್ರಿ ಮಾಡಿಕೊಳ್ಳದೆ ಆ ತಟ್ಟೆಯಲ್ಲಿ ಊಟ ಬಡಿಸಬೇಡಿ. ಈ ಸಲದ ದೀಪಾವಳಿಯ ಹಣತೆಯನ್ನು ಪಾಟರಿ ಟೌನಿನಿಂದಲೇ, ಚೌಕಾಸಿ ಮಾಡದೆ, ಕೊಂಡುಕೊಳ್ಳಿ.