ಅರ್ ವಿದ್ವ

ವೇಲ್ಸ್‌ನ ಅತ್ಯುನ್ನತ ಶಿಖರ. ಎತ್ತರ 1,085 ಮೀಟರ್. ಇಂಗ್ಲಿಷಿನ ‘ಸ್ನೋಡನ್’ ಎಂದರೆ ಹಿಮದ ಗುಡ್ಡ, ದೂರದಿಂದ ಕಂಡವರು ಇಟ್ಟಂತಿರುವ ಹೆಸರು. ವೆಲ್ಷ್ ಹೆಸರು ‘ಅರ್ ವಿದ್ವ’. ಇದರ ಮೂಲ ಅರಸುವವರು ನಿಘಂಟಿನಲ್ಲಿ ಗಕಾರಕ್ಕೆ ಹೋಗಬೇಕು. ಪದ ‘ಗ್ವಿದ್ವ’, ವೆಲ್ಷ್‌ನಲ್ಲಿ ಸ್ತ್ರೀಲಿಂಗ ಏಕವಚನ ನಾಮಪದದ ಹಿಂದೆ ‘ಅರ್’ ಎಂಬ ಉಪಪದ ಬಂದರೆ ಮೊದಲ ಗಕಾರ ಬಿದ್ದುಹೋಗುತ್ತದೆ. ಅರ್ಥ, ಸಮಾಧಿಯ ದಿಬ್ಬ. ಸೋತ ರಾಜರ ಗಡ್ಡಗಳಿಂದಲೇ ನಿಲುವಂಗಿ ಮಾಡಿಸಿಕೊಂಡಿದ್ದ ರೀಟಾ ಎಂಬ ದೈತ್ಯನನ್ನು ಆರ್ಥರ್ ದೊರೆ ಕೊಂದನಂತೆ. ಹೆಣದ ಮೇಲೆ ಪೇರಿಸಿದ ಕಲ್ಲುರಾಶಿಯೇ ಈ ಶಿಖರವಂತೆ. ಇಂಥ ಕಥೆಯನ್ನು ಹೊತ್ತ ಹೆಸರು ನಕ್ಷೆಯಲ್ಲಿ ಎರಡನೆಯದಾಗಿ ಉಳಿಯಬಾರದು. 2022ರ ನವೆಂಬರ್‌ನಲ್ಲಿ ಅಲ್ಲಿನ ರಾಷ್ಟ್ರೀಯ ಉದ್ಯಾನ ಪ್ರಾಧಿಕಾರ ಇಂಗ್ಲಿಷ್ ಬರಹದಲ್ಲೂ ವೆಲ್ಷ್ ಹೆಸರನ್ನೇ ಬಳಸಲು ನಿರ್ಧರಿಸಿತು. ವೆಲ್ಷ್ ಮಾತಾಡುವವರು ಅದನ್ನು ಎಂದೂ ಬಿಟ್ಟಿರಲಿಲ್ಲ.