ಹಳೆಯ ಗೇಮ್ ಕನ್ಸೋಲ್‌ಗೆ ಫ್ಯಾಕ್ಟರಿ ರೀಸೆಟ್ ಮಾಡಿದರೆ ಹ್ಯಾಕ್ ಸಾಫ್ಟ್‌ವೇರ್ ಪೂರ್ತಿ ಹೋಗುತ್ತದೆಯೇ?

ಹೇಳಿಕೆ: ಸೆಕೆಂಡ್ ಹ್ಯಾಂಡ್ ಗೇಮ್ ಕನ್ಸೋಲ್‌ನಲ್ಲಿ ಹಿಂದಿನ ಮಾಲೀಕರು ಹಾಕಿದ ಅನಧಿಕೃತ ಸಾಫ್ಟ್‌ವೇರ್ ಇದ್ದರೆ, ಮೊದಲು ಫ್ಯಾಕ್ಟರಿ ರೀಸೆಟ್ ಮಾಡಿ. ಎಲ್ಲವೂ ಹೋಗಿ ಹೊಸದರಂತಾಗುತ್ತದೆ.

ವಾಸ್ತವ: ಇದು ಎಲ್ಲ ಕನ್ಸೋಲ್‌ಗಳಿಗೂ ಸರಿಯಲ್ಲ. ನಿಂಟೆಂಡೊ ವೀ ಕನ್ಸೋಲ್‌ನಲ್ಲಿ ರೀಸೆಟ್ ಅರ್ಧ ಕೆಲಸ ಮಾತ್ರ ಮಾಡುತ್ತದೆ. ವೀ ಯು ಕನ್ಸೋಲ್‌ನಲ್ಲಿ ಕೆಲವೊಮ್ಮೆ ಯಂತ್ರವೇ ಸತ್ತುಹೋಗಬಹುದು. ರೀಸೆಟ್ ಕೊನೆಯ ಹೆಜ್ಜೆಯಾಗಬೇಕು, ಮೊದಲನೆಯದಲ್ಲ.

ಮೊಬೈಲ್‌ನಂತೆ ಇಲ್ಲಿ ಏಕೆ ಆಗುವುದಿಲ್ಲ?

2006ರಲ್ಲಿ ಬಂದ ವೀ 10 ಕೋಟಿಗೂ ಹೆಚ್ಚು ಮಾರಾಟವಾಯಿತು. ಅದರೊಳಗಿನ ಸಾಫ್ಟ್‌ವೇರ್ ಪದರ ಪದರವಾಗಿದೆ. ಮೇಲಿನ ಪದರದಲ್ಲಿ ನಮಗೆ ಪರದೆಯಲ್ಲಿ ಕಾಣುವ ಚಾನೆಲ್‌ಗಳಿವೆ. ಅದರ ಕೆಳಗೆ ಸಿಸ್ಟಮ್ ಮೆನು, ಇನ್ನೂ ಕೆಳಗೆ ಐಓಎಸ್ ಎಂಬ ಹಲವು ಭಾಗಗಳು, ತಳದಲ್ಲಿ ಯಂತ್ರವನ್ನು ಎಬ್ಬಿಸುವ ಬೂಟ್ ಭಾಗ. (ಈ ಐಓಎಸ್‌ಗೂ ಐಫೋನ್‌ಗೂ ಸಂಬಂಧವಿಲ್ಲ.)

ಸೆಟ್ಟಿಂಗ್ಸ್‌ನಲ್ಲಿರುವ ‘ಫಾರ್ಮ್ಯಾಟ್ ವೀ ಸಿಸ್ಟಮ್ ಮೆಮೊರಿ’ ಒತ್ತಿದರೆ ಮೇಲೆ ಸೇರಿಸಿದ ಚಾನೆಲ್‌ಗಳು ಮತ್ತು ಉಳಿಸಿದ ಆಟಗಳು ಅಳಿಯುತ್ತವೆ. ಅನಧಿಕೃತ ‘ಹೋಮ್‌ಬ್ರೂ ಚಾನೆಲ್’ ಕೂಡ ಹೋಗುತ್ತದೆ. ಆದರೆ ಸಿಸ್ಟಮ್ ಮೆನುವಿನೊಳಗೆ ಕೂತಿರುವ ‘ಪ್ರೀಲೋಡರ್’, ಬದಲಾಯಿಸಿದ ಐಓಎಸ್‌ಗಳು, ‘ಬೂಟ್‌ಮಿ’ ಹಾಗೆಯೇ ಉಳಿಯುತ್ತವೆ.

ತೊಂದರೆ ಶುರುವಾಗುವುದೇ ಇಲ್ಲಿ. ಪ್ರೀಲೋಡರ್ ತೆಗೆಯುವ ಉಪಕರಣವನ್ನು ಸಾಮಾನ್ಯವಾಗಿ ಹೋಮ್‌ಬ್ರೂ ಚಾನೆಲ್ ಮೂಲಕವೇ ನಡೆಸಬೇಕು. ಮೊದಲೇ ರೀಸೆಟ್ ಮಾಡಿದರೆ ಏಣಿಯನ್ನು ಕಳೆದುಕೊಂಡು ಅಟ್ಟದ ಮೇಲೆ ಕೂತಂತೆ.

ವೀ: ಸುರಕ್ಷಿತ ಕ್ರಮ ಯಾವುದು?

1. ಎಸ್‌ಡಿ ಕಾರ್ಡ್, ಪೆನ್‌ಡ್ರೈವ್ ತೆಗೆದು ಯಂತ್ರವನ್ನು ಆನ್ ಮಾಡಿ. ಮಾಮೂಲಿ ಮೆನು ಬರುತ್ತದೆಯೇ ನೋಡಿ.

2. ಆಫ್ ಮಾಡಿ, ರೀಸೆಟ್ ಬಟನ್ ಒತ್ತಿ ಹಿಡಿದು ಮತ್ತೆ ಆನ್ ಮಾಡಿ. ಬೇರೆಯೇ ಮೆನು ಬಂದರೆ ಪ್ರೀಲೋಡರ್ ಇದೆ ಎಂದರ್ಥ.

3. ವೀ ಸೆಟ್ಟಿಂಗ್ಸ್‌ನಲ್ಲಿ ಮೇಲೆ ಬಲಗಡೆ ಆವೃತ್ತಿ ಸಂಖ್ಯೆ ಇರುತ್ತದೆ. ಕೊನೆಯದು 2010ರಲ್ಲಿ ಬಂದ 4.3. ಅದರ ಪಕ್ಕದ ಅಕ್ಷರ ಯು ಎಂದರೆ ಅಮೆರಿಕ, ಇ ಎಂದರೆ ಯುರೋಪ್, ಜೆ ಎಂದರೆ ಜಪಾನ್, ಕೆ ಎಂದರೆ ಕೊರಿಯಾ. ಯಂತ್ರ ಮಾರಾಟವಾದ ದೇಶಕ್ಕೂ ಈ ಅಕ್ಷರಕ್ಕೂ ತಾಳೆಯಾಗದಿದ್ದರೆ ಅಲ್ಲೇ ನಿಲ್ಲಿಸಿ. ಯಾರೋ ಪ್ರದೇಶ ಬದಲಿಸಿದ್ದಾರೆ; ಇಂಥ ಕೊರಿಯಾ ಯಂತ್ರಗಳನ್ನು 4.2 ಅಥವಾ ನಂತರದ ಆವೃತ್ತಿಗೆ ಅಪ್‌ಡೇಟ್ ಮಾಡಿದರೆ ‘ಎರರ್ 003’ ಬಂದು ಯಂತ್ರ ನಿಂತುಬಿಡುತ್ತದೆ.

4. ಬೂಟ್‌ಮಿ ಇದ್ದರೆ ಮೊದಲು ಅದರಿಂದ ಪೂರ್ತಿ ಮೆಮೊರಿಯ ಬ್ಯಾಕಪ್ ತೆಗೆದು ಕಂಪ್ಯೂಟರ್‌ಗೆ ಹಾಕಿಕೊಳ್ಳಿ. ಸುಮಾರು 500 ಎಂಬಿ ಜಾಗ ಬೇಕು. ಪ್ರತಿ ಯಂತ್ರದ ಗೂಢಲಿಪಿ ಕೀಲಿ ಬೇರೆ. ಆದ್ದರಿಂದ ಬೇರೆಯವರ ಬ್ಯಾಕಪ್ ನಿಮ್ಮ ಯಂತ್ರಕ್ಕೆ ಆಗುವುದಿಲ್ಲ.

5. ಪ್ರೀಲೋಡರ್ ಇದ್ದರೆ ಅದರ ಸ್ವಂತ ಇನ್‌ಸ್ಟಾಲರ್‌ನಿಂದಲೇ ತೆಗೆಯಿರಿ. ಅದರಲ್ಲಿ ತೆಗೆಯುವ ಆಯ್ಕೆ ಇದೆ. ಕೆಲಸ ಮುಗಿಯುವವರೆಗೆ ಕರೆಂಟ್ ಹೋಗಬಾರದು.

6. ಹೋಮ್‌ಬ್ರೂ ಚಾನೆಲ್ ಅನ್ನು ನಂತರ ಅಳಿಸಿ. ವೀ ಆಪ್ಷನ್ಸ್, ಡೇಟಾ ಮ್ಯಾನೇಜ್‌ಮೆಂಟ್, ಚಾನೆಲ್ಸ್ ಎಂಬ ದಾರಿಯಲ್ಲಿ ಬೇರೆ ಚಾನೆಲ್‌ನಂತೆಯೇ ಇದನ್ನೂ ಅಳಿಸಬಹುದು.

7. ಹಿಂದಿನ ಮಾಲೀಕರ ಮಾಹಿತಿ ಹೋಗಬೇಕಿದ್ದರೆ ಈಗ ಫಾರ್ಮ್ಯಾಟ್ ಮಾಡಿ.

ಏನನ್ನು ಮುಟ್ಟಬಾರದು?

ಐಓಎಸ್‌ಗಳನ್ನು ಒಂದೊಂದಾಗಿ ಅಳಿಸಲು ಹೋಗಬೇಡಿ. 4.3 ಆವೃತ್ತಿಯ ಮೆನು ನಡೆಯುವುದು ಐಓಎಸ್ 80ರ ಮೇಲೆ. ಅದು ಅಳಿದರೆ ಮೆನು ತೆರೆಯುವುದಿಲ್ಲ. 249, 250ನೇ ಸ್ಥಾನದಲ್ಲಿ ಹಾಕಿರುವ ಅನಧಿಕೃತ ಐಓಎಸ್‌ಗಳನ್ನು ಅಂಗಡಿಯ ಡಿಸ್ಕ್ ಆಟಗಳು ಬಳಸುವುದೇ ಇಲ್ಲ. ಅವು ಸುಮ್ಮನೆ ಇರಲಿ. ಬೂಟ್ ಭಾಗದಲ್ಲಿ ಬೂಟ್‌ಮಿ ಇದ್ದರೆ ಅದನ್ನೂ ಬಿಡಿ. ಕಾರ್ಡ್‌ನಲ್ಲಿ ಅದರ ಫೈಲ್‌ಗಳಿಲ್ಲದಿದ್ದರೆ ಅದು ಕಾಣಿಸಿಕೊಳ್ಳುವುದಿಲ್ಲ, ಮುಂದೆ ಯಂತ್ರ ಕೆಟ್ಟರೆ ಕಾಪಾಡುವುದೂ ಅದೇ.

ವೀ ಯು: ಇಲ್ಲಿ ಇನ್ನೂ ಎಚ್ಚರ

2012ರಲ್ಲಿ ಬಂದ ವೀ ಯು ಕನ್ಸೋಲ್‌ಗೆ ‘ಕೋಲ್ಡ್‌ಬೂಟ್ ಹ್ಯಾಕ್ಸ್‌ಚಿ’ ಎಂಬ ಮಾರ್ಪಾಡು ಇದೆ. ಇದನ್ನು ಹಾಕಿದಾಗ ಯಂತ್ರ ಆನ್ ಆದ ಕೂಡಲೇ ಮೂಲ ಮೆನುವಿಗೆ ಹೋಗುವ ಬದಲು, ಒಳಗಿರುವ ಒಂದು ಡಿಎಸ್ ಆಟದ ಮೂಲಕ ಶುರುವಾಗುತ್ತದೆ. ಆ ಆಟವನ್ನು ಅಳಿಸಿದರೆ ಅಥವಾ ಫ್ಯಾಕ್ಟರಿ ರೀಸೆಟ್ ಮಾಡಿದರೆ, ಯಂತ್ರಕ್ಕೆ ಶುರುವಾಗುವ ದಾರಿಯೇ ಇರುವುದಿಲ್ಲ. ಪರದೆ ಕಪ್ಪು.

ಗೇಮ್‌ಪ್ಯಾಡ್‌ನ ಹೋಮ್ ಬಟನ್ ಒತ್ತುತ್ತಾ ಆನ್ ಮಾಡಿದಾಗ ಹ್ಯಾಕ್ಸ್‌ಚಿ ಮೆನು ಬಂದರೆ ಇದು ಇದೆ ಎಂದು ತಿಳಿಯಿರಿ. ಆಗ ಮೊದಲು ಶುರುವಾಗುವ ದಾರಿಯನ್ನು ಮೂಲ ಮೆನುವಿಗೆ ಮರಳಿಸಬೇಕು. ಒಮ್ಮೆ ಆಫ್ ಮಾಡಿ ಆನ್ ಮಾಡಿ, ಮಾಮೂಲಿಯಂತೆ ತೆರೆದರೆ ಮಾತ್ರ ಮುಂದಿನ ಹೆಜ್ಜೆ.

ಕೊನೆಯ ಮಾತು

ಏನು ಹಾಕಿದ್ದಾರೆ ಎಂದು ಮಾರಿದವರನ್ನೇ ಕೇಳುವುದು ಅತಿ ಸುಲಭದ ಪರೀಕ್ಷೆ. ಗೊತ್ತಾಗದಿದ್ದರೆ, ಆಟಗಳು ಚೆನ್ನಾಗಿ ನಡೆಯುತ್ತಿದ್ದರೆ, ಯಂತ್ರವನ್ನು ಹಾಗೆಯೇ ಬಿಡುವುದೂ ಸರಿಯಾದ ನಿರ್ಧಾರವೇ. ‘ಮೊದಲು ರೀಸೆಟ್ ಮಾಡಿ’ ಎಂಬ ಸಲಹೆಯನ್ನು ಮಾತ್ರ ಮುಂದಕ್ಕೆ ಕಳಿಸಬೇಡಿ.