ಸುರುಳಿ ಸುಗಂಧಿ
ಶುಂಠಿಯ ಕುಟುಂಬಕ್ಕೆ (ಜಿಂಜಿಬರೇಸೀ) ಸೇರಿದ, ತೇವವನ್ನು ಬಯಸುವ, ಬಿಳಿಯ ಪರಿಮಳದ ಹೂ ಬಿಡುವ ಬಹುವಾರ್ಷಿಕ ಸಸ್ಯ. ಶಾಸ್ತ್ರೀಯ ನಾಮ ಹೆಡಿಕಿಯಮ್ ಕೊರೊನೇರಿಯಮ್. ಪೂರ್ವ ಹಿಮಾಲಯ, ಈಶಾನ್ಯ ಭಾರತ ಹಾಗೂ ದಕ್ಷಿಣ ಚೀನಾದ ಸುತ್ತಲಿನ ಪ್ರದೇಶ ಇದರ ತವರು. ಮಲೆನಾಡಿನ ಮನೆಗಳಲ್ಲಿ ಬಾವಿಕಟ್ಟೆಯ ಪಕ್ಕ, ಬಚ್ಚಲ ನೀರು ಹರಿಯುವಲ್ಲಿ ಬೆಳೆಸುವುದು ರೂಢಿ.

ನೆಲದಡಿಯ ಗೆಡ್ಡೆಯಿಂದ 1–2 ಮೀ. ಎತ್ತರದ ಕಾಂಡಗಳು ಏಳುತ್ತವೆ. ಈಟಿಯಾಕಾರದ ಎಲೆಗಳು ಎರಡು ಸಾಲಿನಲ್ಲಿರುತ್ತವೆ. ತುದಿಯ ತೆನೆಯಲ್ಲಿ ಒಂದರ ಮೇಲೊಂದು ಹೊದ್ದ ಹಸಿರು ಪುಷ್ಪಪತ್ರಗಳ ಸಂದಿನಿಂದ ಸುರುಳಿ ಸುತ್ತಿದ ಮೊಗ್ಗು ಹೊರಚಾಚಿ ಸಂಜೆಗೆ ಅರಳುತ್ತದೆ. ಅಗಲವಾದ ಬಿಳಿ ತುಟಿ ನಿಜವಾದ ದಳವಲ್ಲ, ಬಂಜೆ ಕೇಸರಗಳ ರೂಪಾಂತರ. ಫಲವತ್ತಾದ ಕೇಸರ ಒಂದೇ. ನೀಳ ನಾಳದ ಮಕರಂದಕ್ಕೆ ನಿಶಾಚರ ಪತಂಗಗಳು ಬರುತ್ತವೆ. ಹೂವಿನ ಕಾಲ ಮುಖ್ಯವಾಗಿ ಮಳೆಗಾಲ.

ಬೇಸಾಯ: ಮುಂಗಾರಿಗೆ ಮೊದಲು, ಎರಡು-ಮೂರು ಕಣ್ಣುಗಳಿರುವ ಗೆಡ್ಡೆಯ ತುಂಡನ್ನು ಕೊಟ್ಟಿಗೆ ಗೊಬ್ಬರ ಬೆರೆಸಿದ ಮಣ್ಣಿನಲ್ಲಿ ಮೇಲುಮೇಲಾಗಿ ಹೂಳಬೇಕು, ಆಳಕ್ಕೆ ಹೋದರೆ ಮೊಳಕೆ ತಡ. ಅರೆನೆರಳು ಉತ್ತಮ. ಬೇಸಿಗೆಯಲ್ಲಿ ತರಗೆಲೆಯ ಹೊದಿಕೆ ಹಾಕಿ ತೇವ ಆರದಂತೆ ನೋಡಿಕೊಳ್ಳುವುದೇ ಇದರ ಆರೈಕೆಯ ಮುಖ್ಯಾಂಶ. ಒಂದು ಕಾಂಡ ಒಮ್ಮೆ ಮಾತ್ರ ಹೂ ಬಿಡುವುದರಿಂದ ಹೂ ಮುಗಿದದ್ದನ್ನು ಬುಡಕ್ಕೆ ಕತ್ತರಿಸುತ್ತಾರೆ. ಹಿಂಡು ಇಕ್ಕಟ್ಟಾದಾಗ ಗೆಡ್ಡೆಯನ್ನು ಬಿಡಿಸಿ ನೆಡಬೇಕು.

ಹೂ ಮುಡಿಯಲು, ಪೂಜೆಗೆ ಬಳಕೆ. ಗೆಡ್ಡೆಯಲ್ಲಿ ಸುಗಂಧ ತೈಲವಿದೆ. ಕ್ಯೂಬಾದ ರಾಷ್ಟ್ರೀಯ ಪುಷ್ಪ. ಬ್ರೆಜಿಲ್, ಹವಾಯಿಗಳಲ್ಲಿ ಜೌಗು ನೆಲವನ್ನು ಆಕ್ರಮಿಸುವ ಕಳೆಯಾಗಿದೆ. ಆದ್ದರಿಂದ ತವರಿನ ಹೊರಗೆ ಗೆಡ್ಡೆಗಳನ್ನು ಹಳ್ಳಕ್ಕೆ ಎಸೆಯುವುದು ತರವಲ್ಲ.